ಅಸಲು ಹಾಗೇ ಇದೆ

ಕರ್ನಾಟಕದ ಹಳೆಯ ಹೈಸ್ಕೂಲು, ಕಾಲೇಜು, ಸಾಹಿತ್ಯ ಸಂಘಗಳಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದು ಫಲಕ ಕಾಣುತ್ತದೆ. ದಿವಂಗತ ಇಂಥವರ ಸ್ಮರಣಾರ್ಥ, ದತ್ತಿ ಮೊಬಲಗು 1,001 ರೂಪಾಯಿ. ಅದರ ಕೆಳಗೆ 2,500, ಇನ್ನೂ ಕೆಳಗೆ 10,000. ತಾಯಿಯ ಹೆಸರಿನಲ್ಲಿ ಮಗ, ಗುರುಗಳ ಹೆಸರಿನಲ್ಲಿ ಶಿಷ್ಯರು, ಅಕಾಲದಲ್ಲಿ ಹೋದ ಮಗಳ ಹೆಸರಿನಲ್ಲಿ ತಂದೆ ಇಟ್ಟ ಹಣ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಯಾವುದೋ ಮಗುವಿಗೆ ಪುಸ್ತಕ, ಶುಲ್ಕ ಅಥವಾ ಒಂದು ಪದಕ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ, ದತ್ತಿ ಪ್ರಶಸ್ತಿಗಳು ನಡೆಯುವುದೂ ಇದೇ ಏರ್ಪಾಡಿನಲ್ಲಿ. ಈ ನಾಡಿನ ಸಣ್ಣ ದಾನವೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ: ಅಸಲು ಹಾಗೇ ಇರಬೇಕು, ಬಡ್ಡಿ ಖರ್ಚಾಗಬೇಕು.

ತಾಲ್ಲೂಕು ಕೇಂದ್ರದ ಹೈಸ್ಕೂಲೊಂದರಲ್ಲಿ ಇಂಥ ದತ್ತಿಗಳ ಲೆಕ್ಕ ಬರೆಯುತ್ತಿರುವ ನಿವೃತ್ತ ಗಣಿತದ ಮೇಷ್ಟ್ರಿಗೂ, ಅವರ ಕೈಯಲ್ಲೇ ಕಲಿತು ಈಗ ಆಡಿಟರ್ ಆಗಿರುವ ಶಿಷ್ಯೆಗೂ ವಾರ್ಷಿಕ ಸಭೆಗೆ ಮುಂಚೆ ನಡೆದ ಮಾತುಕತೆ ಈ ನಂಬಿಕೆಯ ಸುತ್ತಲೇ ತಿರುಗಿತು.

“ಅಸಲಿಗೆ ಒಂದು ಪೈಸೆ ಕೈಹಾಕಿಲ್ಲ ಕಣಮ್ಮ,” ಎಂದರು ಮೇಷ್ಟ್ರು. “ನನ್ನ ಹಿಂದಿನ ಖಜಾಂಚಿಗಳೂ ಹಾಕಿಲ್ಲ. ಬೇಕಾದರೆ ಬಾಂಡುಗಳನ್ನು ಒಂದೊಂದೇ ತೆಗೆದು ನೋಡು.”

“ನೋಡಿದೆ ಸರ್. ಯಾರೂ ಮುಟ್ಟಿಲ್ಲ, ನಿಜ. ಆದರೂ ಅದು ಕರಗಿಹೋಗಿದೆ.”

ಅವಳು ಹತ್ತು ಸಾವಿರದ ಒಂದು ದತ್ತಿಯನ್ನೇ ಉದಾಹರಣೆಗೆ ತೆಗೆದುಕೊಂಡಳು. 1985ರ ಸುಮಾರಿಗೆ ಬ್ಯಾಂಕಿನ ಮುದ್ದತ್ತು ಠೇವಣಿಗೆ ನೂರಕ್ಕೆ ಹತ್ತರ ಆಸುಪಾಸು ಬಡ್ಡಿ ಸಿಗುತ್ತಿತ್ತು. ಅಂದರೆ ವರ್ಷಕ್ಕೆ ಸಾವಿರ ರೂಪಾಯಿ. ಆಗ ಹತ್ತು ಗ್ರಾಂ ಚಿನ್ನಕ್ಕೆ ಎರಡು ಸಾವಿರದ ಚಿಲ್ಲರೆ. ಸಾವಿರ ರೂಪಾಯಿಗೆ ನಾಲ್ಕೂವರೆ ಗ್ರಾಂ ಚಿನ್ನ ಬರುತ್ತಿತ್ತು. ಮೊದಲ ರ‍್ಯಾಂಕು ಬಂದ ಹುಡುಗಿಯ ಕೊರಳಿಗೆ ದಾನಿಯ ಹೆಸರಿನ ಚಿನ್ನದ ಪದಕ ಹಾಕುತ್ತೇವೆಂದು ಒಪ್ಪಿಕೊಳ್ಳಲು ಅಷ್ಟು ಸಾಕು. 2024ರಲ್ಲಿ ಹತ್ತು ಗ್ರಾಂ ಚಿನ್ನ ಎಪ್ಪತ್ತು ಸಾವಿರ ದಾಟಿತು. ಬಡ್ಡಿ ನೂರಕ್ಕೆ ಏಳು. ಅದೇ ಹತ್ತು ಸಾವಿರಕ್ಕೆ ಆ ವರ್ಷ ಬಂದದ್ದು 700 ರೂಪಾಯಿ, ಅದಕ್ಕೆ ಸಿಗುತ್ತಿದ್ದ ಚಿನ್ನ ಒಂದು ಗ್ರಾಂನ ಹತ್ತನೇ ಒಂದು ಪಾಲು.

“ಅದಕ್ಕೇ ಮೊದಲು ಚಿನ್ನದ ನೀರು ಕುಡಿಸಿದ ಪದಕಕ್ಕೆ ಇಳಿದೆವು,” ಎಂದರು ಮೇಷ್ಟ್ರು. “ಆಮೇಲೆ ಅದೂ ಆಗದೆ ಪ್ರಮಾಣಪತ್ರಕ್ಕೆ ಬಂದೆವು.”

“ಲೆಡ್ಜರಿನಲ್ಲಿ ಮಾತ್ರ ಅಂದೂ ಹತ್ತು ಸಾವಿರ, ಇಂದೂ ಹತ್ತು ಸಾವಿರ.”

ಮೇಷ್ಟ್ರಿಗೆ ಇದು ಬ್ಯಾಂಕಿನ ದೋಷವಾಗಿ ಕಂಡಿತು. ಬಡ್ಡಿ ಇಳಿಯದೆ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂಬುದು ಅವರ ವಾದ. ಅದರಲ್ಲೂ ಹುರುಳಿದೆ. ತೊಂಬತ್ತರ ದಶಕದ ನಡುವೆ ಠೇವಣಿಗೆ ನೂರಕ್ಕೆ ಹನ್ನೆರಡರ ಮೇಲೆ ಬಡ್ಡಿ ಇತ್ತು. 2003-04ರ ಹೊತ್ತಿಗೆ ಅದು ಐದೂವರೆಯ ಹತ್ತಿರಕ್ಕೆ ಬಿತ್ತು. 2011-12ರಲ್ಲಿ ಮತ್ತೆ ಒಂಬತ್ತು ದಾಟಿ, 2020ರಲ್ಲಿ ಐದರ ಚಿಲ್ಲರೆಗೆ ಇಳಿಯಿತು. ಬಹುಮಾನದ ಮೊತ್ತ ನಿಗದಿ ಮಾಡಿದವರೆಲ್ಲ ತಮ್ಮ ಕಾಲದ ಬಡ್ಡಿಯೇ ಕೊನೆತನಕ ಇರುತ್ತದೆಂದು ನಂಬಿ ಬರೆದಿದ್ದರು.

“ಬಡ್ಡಿ ಹೆಚ್ಚಿದ್ದಾಗ ಬೆಲೆಗಳೂ ಜೋರಾಗೇ ಏರ್ತಿದ್ದವು ಸರ್. ಹನ್ನೆರಡು ಬಂದಾಗ ಹನ್ನೆರಡನ್ನೂ ಹಂಚಿದೆವು. ಒಂದು ಲಕ್ಷ ಇದೆ, ಬಡ್ಡಿ ಏಳು, ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರುತ್ತೆ ಅಂತ ಇಟ್ಕೊಳ್ಳಿ. ಏಳು ಸಾವಿರ ಬಡ್ಡಿಯಲ್ಲಿ ಆರು ಸಾವಿರ ಅಸಲಿನ ಸವೆತ ತುಂಬೋಕೇ ಬೇಕು. ನಿಜವಾದ ಆದಾಯ ಒಂದೇ ಸಾವಿರ. ನಾವು ಏಳೂ ಸಾವಿರ ಹಂಚಿದರೆ, ಅದರಲ್ಲಿ ಆರು ಸಾವಿರ ಅಸಲನ್ನೇ ಹಂಚಿದ ಹಾಗೆ.”

“ಹನ್ನೆರಡು ವರ್ಷಕ್ಕೆ ಅರ್ಧ,” ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಇಪ್ಪತ್ತನಾಲ್ಕಕ್ಕೆ ಕಾಲು. ಮೂವತ್ತಾರಕ್ಕೆ ಅರೆಕಾಲು.”

“ಹೌದು ಸರ್. ಒಂದು ರೂಪಾಯಿಯೂ ಕಳುವಾಗದೆ, ಎಲ್ಲ ರಸೀತಿ ಸರಿಯಾಗಿದ್ದು, ನಿಧಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ.”

ಸಣ್ಣವರಿಗಷ್ಟೇ ಬಂದ ಗತಿಯಲ್ಲ ಇದು. 1901ರಲ್ಲಿ ಮೊದಲ ನೊಬೆಲ್ ಬಹುಮಾನದ ಮೊತ್ತ 1,50,782 ಸ್ವೀಡಿಷ್ ಕ್ರೋನಾ. 1923ರಲ್ಲಿ ಅದು 1,14,935ಕ್ಕೆ ಇಳಿದಿತ್ತು. ಹಣವನ್ನು ಭದ್ರವಾದ ಸಾಲಪತ್ರಗಳಲ್ಲೇ ಇಡಬೇಕೆಂಬ ನಿಯಮ ಒಂದು ಕಡೆ, ತೆರಿಗೆಯ ಭಾರ ಇನ್ನೊಂದು ಕಡೆ. 1946ರಲ್ಲಿ ತೆರಿಗೆ ವಿನಾಯಿತಿ ಸಿಕ್ಕಿತು. 1953ರಲ್ಲಿ ಷೇರುಗಳಲ್ಲೂ ಹಣ ಹೂಡುವ ಅವಕಾಶವಾಯಿತು. ಆಮೇಲೆ ಬಹುಮಾನ ಚೇತರಿಸಿಕೊಂಡಿತು. ಜಗತ್ತಿನ ಕಣ್ಣೆಲ್ಲ ತನ್ನ ಮೇಲಿದ್ದ ನಿಧಿಗೇ ಇದನ್ನು ಸರಿಪಡಿಸಿಕೊಳ್ಳಲು ಅರ್ಧ ಶತಮಾನ ಬೇಕಾಯಿತು.

ಶಿಷ್ಯೆಯ ಸಲಹೆ ಸರಳವಾಗಿತ್ತು. ಬಡ್ಡಿಯ ಅರ್ಧ ಹಂಚುವುದು, ಅರ್ಧ ಅಸಲಿಗೆ ಸೇರಿಸುವುದು. ಒಂದು ಲಕ್ಷದ ನಿಧಿ ಮೊದಲ ವರ್ಷ ಏಳು ಸಾವಿರದ ಬದಲು ಮೂರೂವರೆ ಸಾವಿರ ಕೊಡುತ್ತದೆ. ಇಪ್ಪತ್ತು ವರ್ಷಕ್ಕೆ ಅಸಲು ಎರಡು ಲಕ್ಷದ ಹತ್ತಿರ ಬಂದು, ಹಂಚುವ ಅರ್ಧವೇ ಏಳು ಸಾವಿರ ಮುಟ್ಟುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಏರಿಕೆಯೇ.

ಮೇಷ್ಟ್ರು ಒಪ್ಪಲಿಲ್ಲ.

“ಈ ವರ್ಷ ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದಾನೆ. ತಾಯಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಪಿಯುಸಿಗೆ ಸೇರೋಕೆ, ಪುಸ್ತಕಕ್ಕೆ, ಬಸ್ ಪಾಸಿಗೆ ದುಡ್ಡು ಬೇಕು. ಅವನ ಮೂರೂವರೆ ಸಾವಿರ ಕಿತ್ಕೊಂಡು ಇನ್ನೂ ಹುಟ್ಟದೇ ಇರೋ ಹುಡುಗನಿಗೆ ಎತ್ತಿಡೋದಾ? ಇಪ್ಪತ್ತು ವರ್ಷ ಕಾಯೋದಕ್ಕೆ ಇವನಿಗೆ ಆಗುತ್ತಾ?”

“ಆಗಲ್ಲ ಸರ್. ಆದರೆ 1985ರಲ್ಲಿ ಬಡ್ಡಿ ಪೂರ್ತಿ ಪಡೆದ ಹುಡುಗನಿಗೆ ಸಿಕ್ಕಿದ್ದರಲ್ಲಿ ಇವನ ಪಾಲೂ ಇತ್ತಲ್ಲ?”

ಮೇಷ್ಟ್ರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತಾವು ಚಕ್ರಬಡ್ಡಿಯ ಪಾಠಕ್ಕೆ ಮುಂಚೆ ತರಗತಿಯಲ್ಲಿ ಹೇಳುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ನನ ಉಯಿಲಿನ ಪ್ರಸಂಗವನ್ನು ಎತ್ತಿದರು. ಅವಳಿಗೂ ಅದು ನೆನಪಿತ್ತು.

ಸಣ್ಣ ಧರ್ಮನಿಧಿಯೊಂದು ಕಾಲದ ಜೊತೆ ಹೇಗೆ ಬಾಳುತ್ತದೆ ಎನ್ನುವುದಕ್ಕೆ ಇಷ್ಟು ಉದ್ದದ, ಇಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದು ಸಿಗುವುದು ಕಷ್ಟ. ಸಾರ್ವಜನಿಕ ಹುದ್ದೆಯಲ್ಲಿರುವವರು ಸಂಬಳ ತೆಗೆದುಕೊಳ್ಳಬಾರದೆಂಬುದು ಫ್ರಾಂಕ್ಲಿನ್ನನ ಅಭಿಪ್ರಾಯ. ಪೆನ್ಸಿಲ್ವೇನಿಯಾದ ಆಡಳಿತ ಮುಖ್ಯಸ್ಥನಾಗಿ ಬಂದ ಸಂಬಳದ ಹಣದಿಂದ ತಾನು ಹುಟ್ಟಿದ ಬಾಸ್ಟನ್ನಿಗೆ 1,000 ಪೌಂಡು, ಬಾಳಿದ ಫಿಲಡೆಲ್ಫಿಯಾಕ್ಕೆ 1,000 ಪೌಂಡು ಎಂದು 1789ರಲ್ಲಿ ಉಯಿಲಿಗೆ ಸೇರಿಸಿದ. 1790ರ ಏಪ್ರಿಲಿನಲ್ಲಿ ತೀರಿಕೊಂಡ. ಆ ಹಣವನ್ನು ಕಸುಬು ಕಲಿತು ಮುಗಿಸಿದ, ಮದುವೆಯಾದ, ಇಪ್ಪತ್ತೈದು ತುಂಬದ ಕುಶಲಕರ್ಮಿಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ಕೊಡಬೇಕು. ತಲೆಗೆ 15 ಪೌಂಡಿಗೆ ಕಡಿಮೆಯಿಲ್ಲ, 60ಕ್ಕೆ ಹೆಚ್ಚಿಲ್ಲ. ಇಬ್ಬರ ಜಾಮೀನು ಬೇಕು, ವರ್ಷಕ್ಕೆ ಹತ್ತನೇ ಒಂದು ಭಾಗ ತೀರಿಸಬೇಕು. ತನಗೂ ಎಳೆಯ ವಯಸ್ಸಿನಲ್ಲಿ ಸ್ನೇಹಿತರು ಕೊಟ್ಟ ಸಾಲದಿಂದಲೇ ಮುದ್ರಣದ ಕಸುಬು ಹಿಡಿಯಲು ಸಾಧ್ಯವಾಯಿತು ಎಂಬ ಕೃತಜ್ಞತೆ ಇದರ ಹಿಂದೆ ಇತ್ತು.

ಅವನ ಲೆಕ್ಕ ನೇರವಾಗಿತ್ತು. ನೂರು ವರ್ಷಕ್ಕೆ 1,000 ಪೌಂಡು 1,31,000 ಆಗುತ್ತದೆ. ಅದರಲ್ಲಿ ಒಂದು ಲಕ್ಷವನ್ನು ಊರಿನ ಕೆಲಸಕ್ಕೆ ಖರ್ಚು ಮಾಡಿ ಉಳಿದ 31,000ವನ್ನು ಮತ್ತೆ ನೂರು ವರ್ಷ ಬೆಳೆಸಬೇಕು. ಆಗ ಅದು 40,61,000 ಪೌಂಡು; ಊರಿಗಷ್ಟು, ರಾಜ್ಯಕ್ಕಷ್ಟು.

“ಗುಣಾಕಾರ ಸರಿಯಾಗೇ ಇದೆ,” ಎಂದರು ಮೇಷ್ಟ್ರು. “ನೂರು ವರ್ಷಕ್ಕೆ ಐದರಂತೆ ಹಾಕಿದರೆ ನೂರಾ ಮೂವತ್ತೊಂದೂವರೆ ಪಟ್ಟು. ಬೋರ್ಡಿನ ಮೇಲೆ ಹಾಕಿ ತೋರಿಸ್ತಿದ್ದೆ.”

“ನೀವು ಅಲ್ಲಿಗೇ ನಿಲ್ಲಿಸ್ತಿದ್ರಿ ಸರ್. ಆಮೇಲೆ ಏನಾಯ್ತು ಅಂತ ಹೇಳ್ತಿರಲಿಲ್ಲ.”

ಮೊದಲ ವರ್ಷಗಳಲ್ಲಿ ಸಾಲಕ್ಕೆ ಜನ ಬಂದರು. ಆದರೆ ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಕಾರ್ಖಾನೆಗಳು ಎದ್ದವು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಸುಬು ಕಲಿಯುವ ಪದ್ಧತಿ ಸೊರಗಿತು. ಇಪ್ಪತ್ತೈದರೊಳಗೆ ಮದುವೆಯಾಗಿ, ಕಸುಬು ಮುಗಿಸಿ, ಇಬ್ಬರು ಜಾಮೀನುದಾರರನ್ನು ಕರೆತರುವ ಯುವಕರು ವಿರಳವಾದರು. ಕೆಲವರಿಂದ ಸಾಲ ವಾಪಸು ಬರಲಿಲ್ಲ, ಜಾಮೀನು ಹಾಕಿದವರ ಮೇಲೆ ಹೊರೆ ಬಿತ್ತು. ಬಾಸ್ಟನ್ನಿನ ಧರ್ಮದರ್ಶಿಗಳು ಹಣದ ದೊಡ್ಡ ಪಾಲನ್ನು ಮ್ಯಾಸಚೂಸೆಟ್ಸ್ ಹಾಸ್ಪಿಟಲ್ ಲೈಫ್ ಇನ್ಶೂರೆನ್ಸ್ ಕಂಪನಿಯಲ್ಲಿ ಇಟ್ಟರು. ಅಲ್ಲಿ ಅದು ಬೆಳೆಯಿತು. ಫಿಲಡೆಲ್ಫಿಯಾ ಸಾಲ ಕೊಡುವುದಕ್ಕೇ ಹೆಚ್ಚು ಅಂಟಿಕೊಂಡಿತು, ಆದರೆ ವಸೂಲಿ ಸಡಿಲಾಯಿತು. ನೂರು ವರ್ಷದ ಕೊನೆಗೆ ಬಾಸ್ಟನ್ನಿನ ನಿಧಿ ಸುಮಾರು 3,91,000 ಡಾಲರ್, ಫಿಲಡೆಲ್ಫಿಯಾದ್ದು ಸುಮಾರು 90,000. ಎರಡೂ ಫ್ರಾಂಕ್ಲಿನ್ನನ ಅಂದಾಜು ಮುಟ್ಟಲಿಲ್ಲ.

“ನೋಡು, ಇಲ್ಲೇ ಇರೋದು ವಿಷಯ,” ಮೇಷ್ಟ್ರು ಹುರುಪಿನಿಂದ ಹೇಳಿದರು. “ಬಾಸ್ಟನ್ನಿನವರು ದುಡ್ಡು ಬೆಳೆಸಿದರು, ಕಸುಬುದಾರನನ್ನು ಮರೆತರು. ಫಿಲಡೆಲ್ಫಿಯಾದವರು ಕಸುಬುದಾರನ ಕೈಗೆ ದುಡ್ಡು ಕೊಟ್ಟರು. ಫ್ರಾಂಕ್ಲಿನ್ ಬದುಕಿದ್ದರೆ ಯಾರನ್ನು ಮೆಚ್ಚುತ್ತಿದ್ದ?”

“ಫಿಲಡೆಲ್ಫಿಯಾದವರು ಕೊಟ್ಟಿದ್ದನ್ನು ವಸೂಲು ಮಾಡಿದ್ದರೆ ಅವರನ್ನೇ. ವಾಪಸು ಬಾರದ ಒಂದು ಸಾಲದಿಂದ ಮುಂದಿನ ಹತ್ತು ಹುಡುಗರ ಸಾಲ ಹೋಯ್ತು. ಬಾಸ್ಟನ್ನಿನವರು ಉಳಿಸಿದ್ದರಿಂದ ನೂರು ವರ್ಷ ಆದ ಮೇಲೆ ಒಂದು ಶಾಲೆಯಾದರೂ ಎದ್ದಿತು.”

ಅವಳು ಹೇಳಿದ್ದು ಬಾಸ್ಟನ್ನಿನ ಫ್ರಾಂಕ್ಲಿನ್ ಯೂನಿಯನ್ ಎಂಬ ತಾಂತ್ರಿಕ ಶಾಲೆಯ ಮಾತು. ನಿಧಿಯ ಮೊದಲ ಶತಮಾನದ ಹಣಕ್ಕೆ ಆಂಡ್ರೂ ಕಾರ್ನೆಗಿಯ ದೇಣಿಗೆಯೂ ಸೇರಿ ಅದು 1908ರಲ್ಲಿ ಬಾಗಿಲು ತೆರೆಯಿತು. ಹೆಸರು ಬದಲಾಗುತ್ತ ಬಂದರೂ ದುಡಿಯುವ ಮನೆಗಳ ಮಕ್ಕಳಿಗೆ ಇಂದಿಗೂ ಕೌಶಲ ಕಲಿಸುತ್ತಿದೆ. 1990ರಲ್ಲಿ ಇನ್ನೂರು ವರ್ಷ ತುಂಬಿದಾಗ ಬಾಸ್ಟನ್ನಿನಲ್ಲಿ ಸುಮಾರು 50 ಲಕ್ಷ ಡಾಲರ್, ಫಿಲಡೆಲ್ಫಿಯಾದಲ್ಲಿ 20 ಲಕ್ಷಕ್ಕೂ ಹೆಚ್ಚು ಇತ್ತು.

“ಆದರೆ ನಿಮ್ಮ ಪಕ್ಷದಲ್ಲೂ ಗಟ್ಟಿ ಸಾಕ್ಷಿ ಇದೆ ಸರ್. ಮುಚ್ಚಿಟ್ಟರೆ ತಪ್ಪಾಗುತ್ತೆ,” ಎಂದಳು ಅವಳು. ಅವಳ ಸಾಕ್ಷಿ ಜೂಲಿಯಸ್ ರೋಸೆನ್‌ವಾಲ್ಡ್.

ಶಿಕಾಗೋದ ಸಿಯರ್ಸ್ ರೋಬಕ್ ಕಂಪನಿಯನ್ನು ನಡೆಸಿದ ರೋಸೆನ್‌ವಾಲ್ಡ್ ಶಾಶ್ವತ ನಿಧಿಗಳ ಕಡು ವಿರೋಧಿ. ಪ್ರತಿ ತಲೆಮಾರಿನ ಕಷ್ಟಕ್ಕೂ ಆ ತಲೆಮಾರಿನಲ್ಲೇ ದಾನಿಗಳು ಹುಟ್ಟುತ್ತಾರೆ, ಸತ್ತವರ ಕೈ ಬದುಕಿರುವವರ ಅಗತ್ಯವನ್ನು ನಿರ್ಧರಿಸಬಾರದು ಎಂದು ಅವನು ವಾದಿಸಿದ. ಅಂಥವರು ಬೊಟ್ಟು ಮಾಡುತ್ತಿದ್ದ ನಿಧಿಗಳಲ್ಲಿ ಸೇಂಟ್ ಲೂಯಿಯ ಬ್ರಯನ್ ಮುಲನ್ಫಿಯದು ಒಂದು. 1851ರಲ್ಲಿ ತೀರಿಕೊಂಡ ಆತ ತನ್ನ ಆಸ್ತಿಯ ಮೂರನೇ ಒಂದು ಭಾಗವನ್ನು, ಪಶ್ಚಿಮಕ್ಕೆ ನೆಲೆಸಲು ಹೋಗುವ ದಾರಿಯಲ್ಲಿ ಆ ಊರಿಗೆ ಬರುವ ಬಡ ಪ್ರಯಾಣಿಕರಿಗೆ ಬಿಟ್ಟುಹೋಗಿದ್ದ. ಆಗ ಅಂಥವರು ಗುಂಪುಗುಂಪಾಗಿ ಬರುತ್ತಿದ್ದರು. ರೈಲು ಬಂತು, ಪಶ್ಚಿಮವೂ ತುಂಬಿತು. ಹಣ ಉಳಿಯಿತು, ಪ್ರಯಾಣಿಕರು ಉಳಿಯಲಿಲ್ಲ.

ರೋಸೆನ್‌ವಾಲ್ಡ್ 1917ರಲ್ಲಿ ಕಟ್ಟಿದ ನಿಧಿಗೆ, ತಾನು ಸತ್ತ ಇಪ್ಪತ್ತೈದು ವರ್ಷದೊಳಗೆ ಅಸಲೂ ಸೇರಿ ಪೂರ್ತಿ ಖರ್ಚಾಗಬೇಕು ಎಂದು ನಿಯಮ ಹಾಕಿದ. 1932ರಲ್ಲಿ ಅವನು ತೀರಿಕೊಂಡ. 1948ರಲ್ಲಿ ನಿಧಿ ಮುಗಿಯಿತು. ಅಷ್ಟರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಮಕ್ಕಳಿಗಾಗಿ 5,300ಕ್ಕೂ ಹೆಚ್ಚು ಕಟ್ಟಡಗಳು ಎದ್ದಿದ್ದವು, ಬಹುಪಾಲು ಶಾಲೆಗಳು. ಆಯಾ ಊರಿನ ಜನರೂ ತಮ್ಮ ಕೂಲಿಯಲ್ಲಿ ಉಳಿಸಿ, ಮರಮುಟ್ಟು ಹೊತ್ತು, ತಮ್ಮ ಪಾಲು ಸೇರಿಸಿದ್ದರು.

“ಹೀಗಿರಬೇಕು ದಾನ,” ಎಂದರು ಮೇಷ್ಟ್ರು.

“ದೊಡ್ಡ ಹಣ ಇದ್ದು, ಒಂದು ದೊಡ್ಡ ಅನ್ಯಾಯ ಎದುರಿಗೆ ಇದ್ದಾಗ ಹೀಗೇ ಇರಬೇಕು ಸರ್. ನಮ್ಮಲ್ಲಿ ಇರೋದು ತಾಯಿ ಹೆಸರಿನ ಹತ್ತು ಸಾವಿರ. ಇಟ್ಟವರು ಅದು ನಿಲ್ಲಬೇಕು ಅಂತ ಬಯಸಿದ್ದರು. ಒಂದೇ ಸಲ ಖರ್ಚು ಮಾಡಿದರೆ ಎರಡು ಮಕ್ಕಳ ಒಂದು ವರ್ಷ ಕಳೆಯುತ್ತೆ, ಅಷ್ಟೇ.”

ಹಾಗಾದರೆ ನಿಲ್ಲುವಂತೆ ಇಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಸಾವಿರ ವರ್ಷದ ಹಿಂದಿನ ಉತ್ತರವಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಚೋಳ ಶಾಸನಗಳಲ್ಲಿ ಒಂದು ನಂದಾದೀಪಕ್ಕೆ 96 ಕುರಿಗಳನ್ನು ಬಿಟ್ಟ ದಾಖಲೆಗಳಿವೆ. ಕುರುಬ ಅವನ್ನು ಸಾಕಿಕೊಂಡು ದಿನಕ್ಕೆ ಇಂತಿಷ್ಟು ಅಳತೆಯ ತುಪ್ಪ ಕೊಡಬೇಕು. ಸತ್ತ ಕುರಿಯ ಜಾಗವನ್ನು ಮರಿ ತುಂಬಬೇಕು, ಮಂದೆಯ ಲೆಕ್ಕ ಇಳಿಯಬಾರದು. ಕನ್ನಡದ ಶಾಸನಗಳಲ್ಲಿ ದೀಪಕ್ಕೆ, ಅನ್ನಛತ್ರಕ್ಕೆ ಗದ್ಯಾಣ ಕೊಟ್ಟು ಬಡ್ಡಿಯಲ್ಲಿ ನಡೆಸಿದ ದತ್ತಿಗಳೂ ಇವೆ, ಹೊಲಗದ್ದೆ ಬಿಟ್ಟ ದತ್ತಿಗಳೂ ಇವೆ. ನಾಣ್ಯದ ತೂಕ, ಬೆರಕೆ ಬದಲಾದರೆ ಮೊದಲನೆಯವಕ್ಕೆ ಪೆಟ್ಟು. ಮಂದೆಗೆ ಆ ಭಯವಿರಲಿಲ್ಲ, ಏಕೆಂದರೆ ಅಲ್ಲಿ ಅಳತೆ ನಾಣ್ಯದ್ದಲ್ಲ, ದೀಪಕ್ಕೆ ಬೇಕಾದ ತುಪ್ಪದ್ದು.

“ಗುಬ್ಬಿ ತೋಟದಪ್ಪನವರೂ ಅದನ್ನೇ ಮಾಡಿದರು,” ಎಂದರು ಮೇಷ್ಟ್ರು. 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಜಾಗ ಕೊಂಡು, 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಲ್ಲಿ ಛತ್ರ ತೆರೆಸಿದ ವ್ಯಾಪಾರಿ ತೋಟದಪ್ಪ. ಪ್ರಯಾಣಿಕರಿಗೆ ಇಳಿದುಕೊಳ್ಳಲು ಕೋಣೆ, ಓದುವ ಹುಡುಗರಿಗೆ ಹಾಸ್ಟೆಲು. ಊರು ಬೆಳೆದಂತೆ ಆ ನೆಲದ ಬೆಲೆ ಬೆಳೆಯಿತು, ಬಾಡಿಗೆಯೂ ಬೆಳೆಯಿತು. ಅದೇ ಹಣವನ್ನು ಸಾಲಪತ್ರದಲ್ಲಿ ಇಟ್ಟು ಬಡ್ಡಿಯಲ್ಲಿ ಅನ್ನ ಹಾಕಿಸಿ ಎಂದಿದ್ದರೆ ಇವತ್ತು ಎಷ್ಟು ಎಲೆ ಹಾಕಬಹುದಿತ್ತೋ.

“ನಮಗೆ ಮೆಜೆಸ್ಟಿಕ್ಕಿನಲ್ಲಿ ಜಾಗ ಇಲ್ಲವಲ್ಲ,” ಎಂದು ಶಿಷ್ಯೆ ಕಾನೂನಿನ ಕಡೆಗೆ ತಿರುಗಿದಳು.

ನೋಂದಣಿಯಾದ ಧರ್ಮಸಂಸ್ಥೆ ತೆರಿಗೆ ವಿನಾಯಿತಿ ಬೇಕೆಂದರೆ ಆದಾಯದ ನೂರಕ್ಕೆ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಉಳಿದ 15ನ್ನು ಯಾವ ಷರತ್ತೂ ಇಲ್ಲದೆ ಅಸಲಿಗೆ ಸೇರಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಕೂಡಿಡಬೇಕಾದರೆ ಏತಕ್ಕೆ ಎಂದು ಮೊದಲೇ ಬರೆದುಕೊಟ್ಟು, ಐದು ವರ್ಷದೊಳಗೆ ಬಳಸಬೇಕು. ಹಣವನ್ನು ಕೂಡಿಹಾಕಿಕೊಂಡು ಕೂರುವ ಸಂಸ್ಥೆಗಳಿಗೆ ಕಡಿವಾಣ ಹಾಕಲು ಬಂದ ನಿಯಮ ಇದು. ಆದರೆ ಬಡ್ಡಿಯೊಂದನ್ನೇ ನಂಬಿದ ನಿಧಿ ಇದನ್ನು ಪಾಲಿಸಿದರೆ, 7,000ದಲ್ಲಿ ವರ್ಷಕ್ಕೆ ಸೇರುವುದು 1,050 ರೂಪಾಯಿ. ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ ಸುಮಾರು 1,23,000ಕ್ಕೆ ಬರುತ್ತದೆ. ಬೆಲೆಯೇರಿಕೆಯ ಮುಂದೆ ಅದು ಏನೇನೂ ಅಲ್ಲ. ಒಟ್ಟು ಆದಾಯವೇ ತೆರಿಗೆಯ ಮಿತಿಯೊಳಗಿರುವ ಪುಟ್ಟ ನಿಧಿಗಳಿಗೆ ಈ ಇಕ್ಕಟ್ಟು ಅಷ್ಟಾಗಿ ತಟ್ಟುವುದಿಲ್ಲ. ಬೆಳೆದ ನಿಧಿಗಳಿಗೆ ತಟ್ಟುತ್ತದೆ.

“ಇನ್ನೊಂದು ಬಾಗಿಲು ಇದೆ ಸರ್. ದಾನಿ ಇದು ಮೂಲಧನಕ್ಕೇ ಅಂತ ಬರೆದುಕೊಟ್ಟರೆ ಆ ಮೊತ್ತ 85ರ ಲೆಕ್ಕಕ್ಕೆ ಬರಲ್ಲ. ಕಾನೂನು ಒಪ್ಪುವ ಕಡೆ ಇಡಬೇಕು, ಅಷ್ಟೇ. ಬ್ಯಾಂಕು ಒಂದೇ ಅಲ್ಲ, ಮ್ಯೂಚುಯಲ್ ಫಂಡಿಗೂ ಅವಕಾಶ ಇದೆ. ಹಳೇ ವಿದ್ಯಾರ್ಥಿಗಳು ಊರ ಜಾತ್ರೆಗೆ ಬಂದಾಗ ಐನೂರು, ಸಾವಿರ ಕೊಡ್ತಾರೆ. ಅದನ್ನು ಬಾಯಿಮಾತಲ್ಲಿ ತಗೋಬೇಡಿ. ಒಂದು ಸಾಲು ಬರೆಸ್ಕೊಳ್ಳಿ.”

“ಮ್ಯೂಚುಯಲ್ ಫಂಡು ಬಿದ್ದುಹೋದರೆ?”

“ಒಂದೊಂದು ವರ್ಷ ಬೀಳುತ್ತೆ. ಅದಕ್ಕೇ ಪೂರ್ತಿ ಇಡಬಾರದು, ಹಂಚೋ ಹಣ ಬ್ಯಾಂಕಿನಲ್ಲೇ ಇರಲಿ. ಆದರೆ ಬ್ಯಾಂಕಿನಲ್ಲಿ ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪ ಬೀಳ್ತಾನೇ ಇರುತ್ತೆ. ಪುಸ್ತಕದಲ್ಲಿ ಕಾಣಲ್ಲ, ಅಷ್ಟೇ.”

ಉಳಿದದ್ದು ಫಲಕದ ಮೇಲಿನ ಹೆಸರುಗಳ ಪ್ರಶ್ನೆ. ಹತ್ತಾರು ದತ್ತಿ, ಹತ್ತಾರು ಬಾಂಡು. ಒಂದೊಂದರ ಬಡ್ಡಿ ಎಪ್ಪತ್ತು, ನೂರೈವತ್ತು. ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವ ಖರ್ಚೇ ಅದಕ್ಕಿಂತ ಹೆಚ್ಚು. ಕೆಲವುಗಳ ಷರತ್ತು ಈಗ ಪಾಲಿಸಲಾಗದ್ದು: ಯಾವುದೋ ಪರೀಕ್ಷೆ ರದ್ದಾಗಿದೆ, ಯಾವುದೋ ವಿಷಯ ಶಾಲೆಯಲ್ಲೇ ಇಲ್ಲ. ಉದ್ದೇಶ ಕೈಗೂಡದಾದಾಗ ಅದಕ್ಕೆ ಸಮೀಪದ ಇನ್ನೊಂದು ಉದ್ದೇಶಕ್ಕೆ ಹಣ ತಿರುಗಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಲ್ಲಿ ದಾರಿ ಇದೆ. ಆದರೆ ಅದು ನ್ಯಾಯಾಲಯದ ದಾರಿ. ಹತ್ತು ಸಾವಿರದ ದತ್ತಿಗೆ ವಕೀಲರ ಫೀಜೇ ಹತ್ತು ಸಾವಿರ ದಾಟುತ್ತದೆ. ಆದ್ದರಿಂದ ಹೊಸ ದತ್ತಿ ತೆಗೆದುಕೊಳ್ಳುವಾಗಲೇ, ಉದ್ದೇಶ ಕೈಗೂಡದಿದ್ದರೆ ಅದಕ್ಕೆ ಸಮೀಪದ ವಿದ್ಯಾರ್ಥಿ ನೆರವಿಗೆ ಬಳಸಬಹುದು ಎಂಬ ಸಾಲು ಪತ್ರದಲ್ಲಿ ಇರಬೇಕೆಂದು ಇಬ್ಬರೂ ಒಪ್ಪಿದರು. ಮುಲನ್ಫಿಯ ಪ್ರಯಾಣಿಕರೂ ಫ್ರಾಂಕ್ಲಿನ್ನನ ಕಸುಬುದಾರರೂ ಕಲಿಸುವುದು ಇಷ್ಟನ್ನೇ.

ಹಳೆಯ ದತ್ತಿಗಳ ಮನೆಯವರನ್ನು ಹುಡುಕಿ ಒಪ್ಪಿಗೆ ಕೇಳುವುದು, ಬಂದ ಒಪ್ಪಿಗೆಗಳ ಬಡ್ಡಿಯನ್ನು ಒಟ್ಟುಗೂಡಿಸಿ ಮೂರೋ ನಾಲ್ಕೋ ಮಕ್ಕಳಿಗೆ ಕೈಗೆಟುಕುವಷ್ಟು ಕೊಡುವುದು, ಸಭೆಯಲ್ಲಿ ಪ್ರತಿ ದಾನಿಯ ಹೆಸರನ್ನೂ ಓದುವುದು ಎಂದು ಮೇಷ್ಟ್ರು ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದರು. ಹೆಸರು ಬಿಡುವ ಮಾತಿಗೆ ಮಾತ್ರ ಅವರು ಸುತರಾಂ ಒಪ್ಪಲಿಲ್ಲ. ಶಿಷ್ಯೆ ಒತ್ತಾಯಿಸಲೂ ಇಲ್ಲ.

ಅರ್ಧ ಬಡ್ಡಿ ಉಳಿಸುವ ಪ್ರಶ್ನೆಯಲ್ಲಿ ಇಬ್ಬರೂ ಕೊನೆಯವರೆಗೂ ತಮ್ಮ ತಮ್ಮ ಜಾಗದಲ್ಲೇ ಉಳಿದರು. “ಈ ವರ್ಷದ ಹುಡುಗನ ದುಡ್ಡು ಕಡಿಮೆ ಮಾಡೋಕೆ ನಾನು ಕೈ ಎತ್ತಲ್ಲ,” ಎಂದರು ಮೇಷ್ಟ್ರು. “ನೂರಕ್ಕೆ ಹದಿನೈದು ತೆಗಿ, ಮಿಕ್ಕಿದ್ದಕ್ಕೆ ಹಳೇ ಹುಡುಗರ ಹತ್ರ ನಾನೇ ಹೋಗಿ ಕೇಳ್ತೀನಿ.”

“ಹದಿನೈದರಿಂದ ಶುರು ಮಾಡೋಣ. ಆದರೆ ಲೆಡ್ಜರಿಗೆ ಒಂದು ಕಾಲಂ ಸೇರಿಸಿ ಸರ್,” ಎಂದಳು ಅವಳು. “ಅಸಲು, ಬಡ್ಡಿ, ಕೊಟ್ಟದ್ದು ಅಂತ ಮೂರು ಇದೆ. ನಾಲ್ಕನೇದು, ಆ ವರ್ಷ ಒಬ್ಬ ವಿದ್ಯಾರ್ಥಿಗೆ ಪಠ್ಯಪುಸ್ತಕ, ನೋಟ್‌ಬುಕ್ಕು, ಬಸ್ ಪಾಸಿಗೆ ಎಷ್ಟು ಬೇಕಿತ್ತು ಅನ್ನೋದು. ಆಗ ನಮ್ಮ ಬಡ್ಡಿ ಎಷ್ಟು ಮಕ್ಕಳನ್ನು ಓದಿಸ್ತು ಅಂತ ಗೊತ್ತಾಗುತ್ತೆ. ಸಭೆಗೆ ಹೇಳಬೇಕಾದ ಲೆಕ್ಕ ಅದೇ.”

ಮೇಷ್ಟ್ರು ಅಡಿಪಟ್ಟಿ ಹಿಡಿದು ಗೆರೆ ಎಳೆದರು. ಈ ವರ್ಷದ ಅಂಕಿ ಶಾಲೆಯ ಪಕ್ಕದ ಪುಸ್ತಕದಂಗಡಿಯಲ್ಲೂ ಬಸ್ ಸ್ಟ್ಯಾಂಡಿನ ಪಾಸ್ ಕೌಂಟರಿನಲ್ಲೂ ಸಿಗುತ್ತದೆ. ಹಿಂದಿನ ವರ್ಷಗಳದ್ದನ್ನು ಹಳೆಯ ಬಿಲ್ಲುಗಳಿಂದ ತುಂಬಿಸಬೇಕು. ಸಭೆಗೆ ಮುಂಚೆ ಸಾಧ್ಯವಾದಷ್ಟು ಹಿಂದಕ್ಕೆ ಹೋಗುವುದೆಂದೂ, ಆಮೇಲೆ ನೂರಕ್ಕೆ ಹದಿನೈದೋ ಐವತ್ತೋ ಎಂಬುದನ್ನು ಆ ನಾಲ್ಕನೇ ಕಾಲಂ ನೋಡಿ ಸದಸ್ಯರೇ ತೀರ್ಮಾನಿಸಲೆಂದೂ ನಡಾವಳಿ ಪುಸ್ತಕಕ್ಕೆ ಬರೆದರು.